ಅಪ್‌ಡೇಟ್ ಒತ್ತುವ ಮುನ್ನ

ಹಿರೇಗುಂಟನೂರು ಸುತ್ತಿನ ನಮ್ಮ ವರದಿ, ಬರಗಾಲದ ಫೋಟೊ ಎಲ್ಲಾ ಒಂದೇ ಹಳೇ ಕಂಪ್ಯೂಟರಿನಲ್ಲಿವೆ. ಅದು ಅಪ್‌ಡೇಟ್ ಕೇಳಿದಾಗೆಲ್ಲಾ ನಮಗೆ ಎದೆ ಢವಢವ.

ಕೆಟ್ಟರೆ ಹಿಂದಕ್ಕೆ ಹೋಗಲು ಮೈಕ್ರೋಸಾಫ್ಟ್ 2000ದಲ್ಲಿ ವಿಂಡೋಸ್ ಮಿ ಜೊತೆ ‘ಸಿಸ್ಟಮ್ ರಿಸ್ಟೋರ್’ ಕೊಟ್ಟಿತು. ಅದು ಸಾಫ್ಟ್‌ವೇರನ್ನು ಹಳೇ ಸ್ಥಿತಿಗೆ ತರುತ್ತದೆ, ನಾವು ಬರೆದಿಟ್ಟಿದ್ದನ್ನು ಕಾಯುವುದಿಲ್ಲ. ಅದನ್ನೇ ಬ್ಯಾಕಪ್ ಅಂದುಕೊಂಡವರಲ್ಲಿ ನಾವೂ ಇದ್ದೆವು! ವಿಂಡೋಸ್ 10ರಲ್ಲಿ ದೊಡ್ಡ ಅಪ್‌ಡೇಟ್ ಬೇಡವೆನಿಸಿದರೆ ಮರಳಲು ಸಾಮಾನ್ಯವಾಗಿ 10 ದಿನ ಗಡುವು.

2018ರ ಅಕ್ಟೋಬರ್ ಅಪ್‌ಡೇಟ್ ಕೆಲವರ ಫೋಟೊ, ದಾಖಲೆಗಳನ್ನೇ ಅಳಿಸಿತು. ಕಂಪನಿ ಅದನ್ನು ತಡೆಹಿಡಿಯಿತು. ಬೇರೆ ಕಡೆ ನಕಲು ಇಟ್ಟವರು ಬಚಾವಾದರು.

ಬಿತ್ತನೆ ಶೇಂಗಾ ಎತ್ತಿಡುವ ಊರಿನವರಿಗೆ ಇದನ್ನು ಹೇಳಿಕೊಡಬೇಕೆ? ನಾವೀಗ ಫೈಲುಗಳನ್ನೂ ಇಡೀ ಡಿಸ್ಕಿನ ಇಮೇಜನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕಿ, ಒಂದೆರಡು ಫೈಲ್ ತೆರೆದು ನೋಡಿ, ವೈರ್ ಬಿಚ್ಚಿಟ್ಟ ಮೇಲೇ ಅಪ್‌ಡೇಟ್ ಒತ್ತುತ್ತೇವೆ.