ಎರಡು ರಾತ್ರಿಗಳ ಲೆಕ್ಕ

ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಚಳಿಗಾಲದಲ್ಲಿ ಮಕ್ಕಳೊಡನೆ ಊರಿಗೆ ಬರುವವನಿದ್ದಾನೆ. ಕಪನೂರಿನ ಮನೆ ಮಾರಿಯಾಗಿದೆ. ಆದ್ದರಿಂದ ಈ ಸಲ ಹೋಟೆಲೇ ಗತಿ. "ಸರ್, ಕಲಬುರಗಿಯಲ್ಲಿ ಒಂದು ರಾತ್ರಿ, ಮರುದಿನ ಬೀದರ್. ಸಾಕಲ್ಲವೆ?" ಎಂದು ಕೇಳಿದ್ದಾನೆ. ಸಾಲದು ಎಂದು ಬರೆದೆ. ಕಾರಣವನ್ನು ಓದುಗ ಮಿತ್ರರ ಮುಂದೆಯೂ ಇಡುತ್ತೇನೆ.

ಅವನಿರುವ ಪಟ್ಟಣದಲ್ಲಿ 1450ರ ಸುಮಾರಿಗೆ ಅಲ್ಲಿನ ಕ್ರೈಸ್ತ ಮಠದವರು ಯಾತ್ರಿಕರಿಗಾಗಿ ಕಟ್ಟಿಸಿದ 'ನ್ಯೂ ಇನ್' ಎಂಬ ಮರದ ತಂಗುದಾಣದ ಕಟ್ಟಡವು ಇಂದಿಗೂ ನಿಂತಿದೆ. ದೊರೆ ಎರಡನೆಯ ಎಡ್ವರ್ಡನ ಸಮಾಧಿಯನ್ನು ಕಾಣಬಂದವರು ಅಲ್ಲಿ ಇಳಿಯುತ್ತಿದ್ದರು. ನಮ್ಮ ಊರಿನ ಕಥೆಯೂ ಹೆಚ್ಚುಕಡಿಮೆ ಅದೇ ಕಾಲದ್ದು. 1398ರಲ್ಲಿ ತೈಮೂರನ ದಾಳಿಯ ವೇಳೆ ದೆಹಲಿಯನ್ನು ತೊರೆದ ಖ್ವಾಜಾ ಬಂದೇನವಾಜರು ಇಳಿವಯಸ್ಸಿನಲ್ಲಿ ಇಲ್ಲಿಗೆ ಬಂದು 1422ರಲ್ಲಿ ಇಲ್ಲಿಯೇ ದೇಹವಿಟ್ಟರು. ಸುಲ್ತಾನ ಫಿರೋಜಶಹನೂ ಅದೇ ವರ್ಷ ತೀರಿಕೊಂಡ. ಅನಂತರ ರಾಜಧಾನಿ ಬೀದರಿಗೆ ಹೋಯಿತು. ಯಾತ್ರಿಕರು ಮಾತ್ರ ಬರುತ್ತಲೇ ಇದ್ದಾರೆ. ಉರುಸಿನಲ್ಲಿಯೂ, ಹೋಳಿಯ ತರುವಾಯದ ಶರಣಬಸವೇಶ್ವರರ ಜಾತ್ರೆಯಲ್ಲಿಯೂ ಕೋಣೆ ಸಿಕ್ಕುವುದು ದುಸ್ತರ. ಆ ದಿನಗಳನ್ನು ಪಂಚಾಂಗದಲ್ಲಿ ನೋಡಿಕೊಂಡೇ ಕಾದಿರಿಸು ಎಂದು ತಿಳಿಸಿದ್ದೇನೆ.

ಮೊದಲ ದಿನವು ನಗರಕ್ಕೆ. ಕೋಟೆಯೊಳಗಿನ 1367ರ ಜಾಮಿ ಮಸೀದಿಯೊಂದಕ್ಕೇ ಅರ್ಧ ದಿನ ಬೇಕು. 216 ಅಡಿ ಉದ್ದ, 176 ಅಡಿ ಅಗಲ. ತೆರೆದ ಅಂಗಳವೇ ಇಲ್ಲದೆ ಪೂರ್ತಿ ಮಾಳಿಗೆ. ಕಮಾನುಗಳ ಸಾಲಿನಲ್ಲಿ ನಿಂತರೆ ಹೊರಗಿನ ಬಿಸಿಲು ಮರೆತುಹೋಗುತ್ತದೆ. ಸಂಜೆಗೆ ಹಫ್ತ್ ಗುಂಬಜ್, ಅಲ್ಲಿ ಫಿರೋಜಶಹನ ಜೋಡಿ ಗುಮ್ಮಟದ ಗೋರಿ.

ಎರಡನೆಯ ದಿನಕ್ಕಾಗಿಯೇ ನನ್ನ ಹಟ. ಕಪನೂರಿನ ಮುಂದೆ ಹಾಯುವ ಹುಮನಾಬಾದ ರಸ್ತೆಯಲ್ಲಿ, ಕಮಲಾಪುರ ಸೀಮೆಯ ಹೊಳಕುಂದಾದಲ್ಲಿ ಬಹಮನಿ ಕಾಲದ ಐದು ಗೋರಿಗಳು ಒಂದೇ ಆವರಣದಲ್ಲಿವೆ. ಬೀದರಿಗೆ ಓಡುವ ಕಾರುಗಳು ಅಲ್ಲಿ ನಿಲ್ಲುವುದು ಅಪರೂಪ. ರಾತ್ರಿ ಕಲಬುರಗಿಯಲ್ಲೇ ತಂಗಿ, ನಸುಕಿನಲ್ಲಿ ಹೊರಟು, ಎಳೆಬಿಸಿಲು ಗುಮ್ಮಟಗಳ ಮೇಲೆ ಬೀಳುವಾಗ ಅಲ್ಲಿರಬೇಕು. ಹಿಂದಿರುಗುವಾಗ ಮಕ್ಕಳಿಗೆ ಕಮಲಾಪುರದ ಕೆಂಪು ಬಾಳೆಹಣ್ಣು ಕೊಡಿಸಲಿ.

ಈ ಪತ್ರಕ್ಕೆ ಅವನು ಬರೆದ ಮರುಪ್ರಶ್ನೆ ನನ್ನನ್ನು ಚುಚ್ಚಿತು: "ಹೊಳಕುಂದಾ ಎಲ್ಲಿದೆ ಸರ್? ನೀವು ನಮಗೆ ಹೇಳಲೇ ಇಲ್ಲವಲ್ಲ!" ನಿಜ. 1347 ಬಹಮನಿ ರಾಜ್ಯದ ಸ್ಥಾಪನೆ ಎಂದು ಬಾಯಿಪಾಠ ಮಾಡಿಸಿದವನು ನಾನೇ. ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದವನೂ ನಾನೇ. ಪ್ರವಾಸವೆಂದರೆ ಬೇಲೂರು, ಹಳೇಬೀಡು, ಮೈಸೂರು. ಬಸ್ಸಿನಲ್ಲಿ ಒಂದು ತಾಸೂ ಹಿಡಿಯದ ಊರಿಗೆ ಒಂದು ತರಗತಿಯನ್ನೂ ಕರೆದೊಯ್ಯಲಿಲ್ಲ.

ನಿನ್ನೆ ಅವನ ಉತ್ತರ ಬಂದಿದೆ. ಎರಡು ರಾತ್ರಿಗೆ ಕೋಣೆ ಕಾದಿರಿಸಿದ್ದಾನಂತೆ. ಎರಡನೆಯ ದಿನ ನಸುಕಿನ ಐದು ಗಂಟೆಗೆ ಕಾರು ನಮ್ಮ ಮನೆಯ ಮುಂದೆ ನಿಲ್ಲುವುದಂತೆ, ನಾನೂ ಸಿದ್ಧನಿರಬೇಕಂತೆ.