ಒಂದಾಣೆಗೊಂದು ಸೊಳ್ಳೆ

ಮಳೆಗಾಲ ಬಂತೆಂದರೆ ಕಕ್ಕಬೆಯ ನಮ್ಮ ಮನೆಗಳ ಸೂರಿನಡಿ ಡ್ರಮ್ಮು, ಬಕೆಟ್‌ಗಳು ತುಂಬಿ ನಿಲ್ಲುತ್ತವೆ. ಅವನ್ನು ಕಂಡಾಗ ನಮಗೆ ಸರ್ ರೊನಾಲ್ಡ್ ರಾಸ್ ನೆನಪಾಗುತ್ತಾರೆ. 1883ರಲ್ಲಿ ಬೆಂಗಳೂರಿನಲ್ಲಿ ಸೇನಾ ವೈದ್ಯರಾಗಿದ್ದ ಅವರು, ಕಿಟಕಿಯಾಚೆಯ ತೊಟ್ಟಿಯ ನೀರು ಚೆಲ್ಲಿದೊಡನೆ ಕೋಣೆಯ ಸೊಳ್ಳೆಗಳು ಕಡಿಮೆಯಾದುದನ್ನು ಗಮನಿಸಿದರು. ಉಳಿದ ಪಾತ್ರೆಗಳನ್ನೂ ಬರಿದು ಮಾಡೋಣವೆಂದಾಗ ಸೇನಾಧಿಕಾರಿಯೊಬ್ಬರು ಒಪ್ಪಲಿಲ್ಲ. ಸೊಳ್ಳೆಯ ಸೃಷ್ಟಿಗೂ ಏನೋ ಉದ್ದೇಶವಿದೆ, ಸಹಿಸುವುದೇ ನಮ್ಮ ಕರ್ತವ್ಯ ಎಂದರಂತೆ. ಇಂಥ 'ತವಕ್ಕುಲ್' ನಮ್ಮಲ್ಲೂ ಉಂಟು!

ರಾಸ್ ಕವಿತೆ, ಕಾದಂಬರಿಗಳನ್ನು ಬರೆದರು. ಗಣಿತದಲ್ಲಿ ಮುಳುಗಿ, ರೋಗ ಹರಡುವ ಬಗೆಯನ್ನು ಲೆಕ್ಕದ ಸೂತ್ರಗಳಲ್ಲಿ ಹಿಡಿಯಲೆತ್ನಿಸಿದರು. 1895ರಲ್ಲಿ ಕಾಲರಾ ತಡೆಯಲು ಮತ್ತೆ ಬೆಂಗಳೂರಿಗೆ ಬಂದರು. ಆದರೆ ಸೊಳ್ಳೆಯ ಬೆನ್ನು ಬಿಡಲಿಲ್ಲ. ಮಲೇರಿಯಾಕ್ಕೆ ಜೌಗುನೆಲದ ಕೆಟ್ಟ ಗಾಳಿಯೇ ಕಾರಣವೆಂದು ಅನೇಕರು ನಂಬಿದ್ದ ಕಾಲವದು.

1897ರ ಆಗಸ್ಟ್‌ನಲ್ಲಿ, ಸಿಕಂದರಾಬಾದಿನಲ್ಲಿ, ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ ಸೊಳ್ಳೆಗಳಿಗೆ ಮೈಯೊಡ್ಡಿ ಮಲಗಿದರು. ರಕ್ತ ಹೀರಿದ ಒಂದೊಂದು ಸೊಳ್ಳೆಗೆ ಒಂದಾಣೆಯ ಕೂಲಿ. ಅದೇ 20ರಂದು, ಆ ಸೊಳ್ಳೆಗಳಲ್ಲೊಂದರ ಜಠರದ ಗೋಡೆಯಲ್ಲಿ ರಾಸ್ ರೋಗಾಣುವನ್ನು ಕಂಡರು. 1902ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಮಕ್ಕಳಿಗೆ ಈ ಕಥೆ ಹೇಳುವಾಗ ನಾವು ಹುಸೇನ್ ಖಾನರಿಂದಲೇ ಆರಂಭಿಸುತ್ತೇವೆ.