ಪುಟದಿಂದ ಪರದೆಗೆ: ಅಚ್ಚಿನ ಪಾಠ ಸ್ಲೈಡ್ ಆದ ಕಥೆ



ಪಠ್ಯಪುಸ್ತಕದ ಒಂದು ಪುಟವನ್ನು ಹಾಗೆಯೇ ಪ್ರೊಜೆಕ್ಟರಿಗೆ ಹಾಕಿ ನೋಡಿ. ಹಿಂದಿನ ಬೆಂಚಿನ ಮಕ್ಕಳಿಗೆ ಅದು ಇರುವೆ ಸಾಲಿನಂತೆ ಕಾಣುತ್ತದೆ. ಪುಟ ಉದ್ದಕ್ಕೆ, ಪರದೆ ಅಡ್ಡಕ್ಕೆ. ಪುಟದಲ್ಲಿ ಮೂವತ್ತು ಸಾಲು ಹಿಡಿಸುತ್ತದೆ. ಪರದೆಯಲ್ಲಿ ಏಳೆಂಟು ಸಾಲು ದಾಟಿದರೆ ಓದುವುದು ಕಷ್ಟ. ಹಾಗಾದರೆ ಒಮ್ಮೆ ಅಚ್ಚಿಗೆ ಜೋಡಿಸಿದ ಪಾಠವನ್ನು ಮತ್ತೆ ಕೂತು ಟೈಪ್ ಮಾಡದೆ, ಪ್ರೋಗ್ರಾಮಿನ ಕೈಯಿಂದಲೇ ಸ್ಲೈಡುಗಳಾಗಿ ಮಾಡಿಸಬಹುದೇ? ಈ ಪ್ರಶ್ನೆಯ ಚರಿತ್ರೆಯಲ್ಲಿ ನಮ್ಮ ಕೇರಳಕ್ಕೂ ಒಂದು ಪಾಲಿದೆ.

ಕಾಸರಗೋಡಿನ ಕನ್ನಡ ಮಾಧ್ಯಮದ ನಮಗೆ ಇದು ಬರೀ ಕುತೂಹಲದ ಸಂಗತಿಯಲ್ಲ. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಆರಂಭವಾಯಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. 2018ರಲ್ಲಿ ಶುರುವಾದ ಹೈಟೆಕ್ ಶಾಲಾ ಯೋಜನೆಯಡಿ ರಾಜ್ಯದ 45,000 ತರಗತಿ ಕೊಠಡಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಕೊಡುವ ಕೆಲಸ ನಡೆಯಿತು. ಯಂತ್ರಕ್ಕೆ ಭಾಷೆಯ ಭೇದವಿಲ್ಲ. ಆದರೆ ಅದರಲ್ಲಿ ತೋರಿಸಲು ಸಿದ್ಧವಾಗಿ ಸಿಗುವುದು ಹೆಚ್ಚಾಗಿ ಮಲಯಾಳ, ಇಲ್ಲವೇ ಇಂಗ್ಲಿಷ್. ಕನ್ನಡದ್ದು ಬೇಕಾದರೆ ಗಡಿನಾಡಿನ ಅಧ್ಯಾಪಕರೇ ಮಾಡಿಕೊಳ್ಳಬೇಕು. ನಾವು ಇರುವುದೇ ಕೆಲವರು. ಒಂದೇ ಪಾಠವನ್ನು ಎರಡು ಸಲ ಟೈಪ್ ಮಾಡುವ ಪುರುಸೊತ್ತು ಯಾರಿಗಿದೆ?

ಈಗ ಚರಿತ್ರೆಗೆ ಬರೋಣ. ಅಮೆರಿಕದ ಡೊನಾಲ್ಡ್ ಕ್ನೂತ್ ಎಂಬ ಪ್ರಾಧ್ಯಾಪಕರು 1977ರಲ್ಲಿ ತಮ್ಮ ಪುಸ್ತಕದ ಕರಡಚ್ಚು ನೋಡಿ ಬೇಸರಗೊಂಡರು. ಅಕ್ಷರಜೋಡಣೆ ಅಷ್ಟು ಕೆಟ್ಟದಾಗಿತ್ತು. ಅಚ್ಚಿನ ಕೆಲಸಕ್ಕೆ ತಾವೇ ಒಂದು ಪ್ರೋಗ್ರಾಂ ಬರೆಯಲು ಹೊರಟರು. ಅದೇ ಟೆಕ್. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಲೇಟೆಕ್ ಕಟ್ಟಿದರು. ಲೇಟೆಕ್‌ನಲ್ಲಿ ಬರೆಯುವವರು "ಇದು ದಪ್ಪ ಅಕ್ಷರ" ಎನ್ನುವ ಬದಲು "ಇದು ಅಧ್ಯಾಯ, ಇದು ಉಪಶೀರ್ಷಿಕೆ, ಇದು ಪಟ್ಟಿ" ಎಂದು ಗುರುತು ಹಾಕುತ್ತಾರೆ. ಅದು ಹೇಗೆ ಕಾಣಬೇಕೆಂಬುದನ್ನು ಪ್ರೋಗ್ರಾಂ ನೋಡಿಕೊಳ್ಳುತ್ತದೆ. ನಮ್ಮ ಕಥೆಯ ಬೇರು ಇರುವುದು ಇಲ್ಲೇ.

ಲ್ಯಾಂಪೋರ್ಟ್ ಅವರೇ ಸ್ಲೈಡಿಗಾಗಿ ಸ್ಲೈಟೆಕ್ ಎಂಬುದನ್ನೂ ಕೊಟ್ಟಿದ್ದರು. ಆಗ ಸ್ಲೈಡ್ ಎಂದರೆ ಓವರ್‌ಹೆಡ್ ಪ್ರೊಜೆಕ್ಟರಿಗೆ ಇಡುವ ಪಾರದರ್ಶಕ ಹಾಳೆ. 1987ರಲ್ಲಿ ಪವರ್‌ಪಾಯಿಂಟ್ ಬಂದ ಮೇಲೆ ಜನ ಕಂಪ್ಯೂಟರಿನಲ್ಲಿ ಒಂದೊಂದೇ ಸ್ಲೈಡನ್ನು ಕೈಯಿಂದ ಮಾಡುವ ರೂಢಿಗೆ ಬಿದ್ದರು. ಪುಸ್ತಕದ ಕಡತ ಒಂದು ಕಡೆ, ಸ್ಲೈಡಿನ ಕಡತ ಇನ್ನೊಂದು ಕಡೆ.

ಈ ಎರಡನ್ನು ಬೆಸೆಯಲು ಕೈಹಾಕಿದವರಲ್ಲಿ ತಿರುವನಂತಪುರದ ಸಿ. ವಿ. ರಾಧಾಕೃಷ್ಣನ್ ಒಬ್ಬರು. ಲೇಟೆಕ್ ಕಡತವನ್ನು ಪರದೆಗೆ ಹೊಂದುವ ಪಿಡಿಎಫ್ ಆಗಿಸುವ 'ಪಿಡಿಎಫ್‌ಸ್ಕ್ರೀನ್' ಅವರು ಬರೆದದ್ದು. ಕಡತದ ಮೇಲ್ಭಾಗದಲ್ಲಿ 'ಪ್ರಿಂಟ್' ಎಂದಿರುವುದನ್ನು 'ಸ್ಕ್ರೀನ್' ಎಂದು ಬದಲಿಸಿದರೆ ಅದೇ ಬರಹ ಅಡ್ಡಪುಟಗಳಾಗಿ, ಹಿಂದೆ ಮುಂದೆ ಹೋಗುವ ಗುಂಡಿಗಳೊಡನೆ ತೆರೆದುಕೊಳ್ಳುತ್ತದೆ. ಭಾರತದ ಟೆಕ್ ಬಳಕೆದಾರರ ಸಂಘದ ಕೇಂದ್ರವೂ ತಿರುವನಂತಪುರವೇ. 2002ರಲ್ಲಿ ಟೆಕ್ ಬಳಕೆದಾರರ ಅಂತಾರಾಷ್ಟ್ರೀಯ ಸಮ್ಮೇಳನ ಅಲ್ಲೇ ನಡೆಯಿತು.

ಮರುವರ್ಷ, 2003ರಲ್ಲಿ, ಜರ್ಮನಿಯ ಟಿಲ್ ಟಾಂಟೌ ತಮ್ಮ ಪಿಎಚ್‌ಡಿ ಮಂಡನೆಗೆಂದು 'ಬೀಮರ್' ತಯಾರಿಸಿದರು. ಇದರಲ್ಲಿ ಒಂದೇ ಮೂಲ ಕಡತದಿಂದ ಸ್ಲೈಡನ್ನೂ ತೆಗೆಯಬಹುದು, ಅಚ್ಚಿನ ಲೇಖನವನ್ನೂ ತೆಗೆಯಬಹುದು. 2006ರಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕ ಜಾನ್ ಮ್ಯಾಕ್‌ಫಾರ್ಲೇನ್ 'ಪ್ಯಾಂಡಾಕ್' ಆರಂಭಿಸಿದರು. ಇಂದು ಪ್ಯಾಂಡಾಕ್ ಶೀರ್ಷಿಕೆಗಳನ್ನು ನೋಡಿಕೊಂಡು ಬರಹವನ್ನು ಸ್ಲೈಡುಗಳಾಗಿ ತುಂಡು ಮಾಡಿಕೊಡುತ್ತದೆ.

ಇಷ್ಟೆಲ್ಲ ಇದ್ದರೂ ಕನ್ನಡ ಹಿಂದೆ ಉಳಿಯಲು ಕಾರಣವೇನು? ನಮ್ಮ ಬರಹಗಳು ಫಾಂಟಿನೊಳಗೆ ಸಿಕ್ಕಿಹಾಕಿಕೊಂಡಿದ್ದವು. ನುಡಿ, ಬರಹ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಆಗಿನ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತದೊಳಗೆ ಇದ್ದದ್ದು ಕನ್ನಡ ಅಕ್ಷರಗಳ ಚೂರುಗಳು ಮಾತ್ರ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. 'ಸೂರ್ಯ' ಎಂಬ ಪದವನ್ನೇ ತೆಗೆದುಕೊಳ್ಳಿ. ಹಳೆಯ ಕಡತದಲ್ಲಿ ಮೊದಲು 'ಯ', ಅದರ ನಂತರ ಅರ್ಕಾವತ್ತಿನ ಗುರುತು. ಯೂನಿಕೋಡಿನಲ್ಲಿ ಮೊದಲು 'ರ', ನಂತರ ವಿರಾಮ ಚಿಹ್ನೆ, ಆಮೇಲೆ 'ಯ'. ಪರಿವರ್ತಕ ಪ್ರೋಗ್ರಾಂ ಅಕ್ಷರ ಬದಲಿಸಿದರೆ ಸಾಲದು, ಕ್ರಮವನ್ನೂ ತಿರುಗಿಸಬೇಕು.

ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗವಿತ್ತು. 2004ರಲ್ಲಿ ಜೊನಾಥನ್ ಕ್ಯೂ ಅವರ 'ಝೀಟೆಕ್' ಬಂತು. 2006ರಲ್ಲಿ ಲಿನಕ್ಸಿಗೂ ಬಂತು. ಇದರಿಂದ ಯೂನಿಕೋಡ್ ಕನ್ನಡವನ್ನು ನೇರವಾಗಿ ಟೆಕ್‌ಗೆ ಕೊಡುವುದು ಸಾಧ್ಯವಾಯಿತು. ಅಲ್ಲಿಗೆ ತಾಂತ್ರಿಕ ಬಾಗಿಲು ತೆರೆದಿದೆ.

ಲೇಟೆಕ್ ಕಲಿಯಲು ಎಲ್ಲರಿಗೂ ಆಗಲಿಕ್ಕಿಲ್ಲ. ಲಿಬ್ರೆ ಆಫೀಸ್ ರೈಟರಿನಲ್ಲೂ ಇದೇ ವಿದ್ಯೆಯ ಸಣ್ಣ ರೂಪವಿದೆ. ಪಾಠದ ಶೀರ್ಷಿಕೆಗಳಿಗೆ 'ಹೆಡಿಂಗ್ 1', 'ಹೆಡಿಂಗ್ 2' ಎಂಬ ಸ್ಟೈಲ್ ಕೊಡಿ. ಫೈಲ್ ಮೆನುವಿನ 'ಸೆಂಡ್' ಒಳಗೆ 'ಔಟ್‌ಲೈನ್ ಟು ಪ್ರೆಸೆಂಟೇಶನ್' ಒತ್ತಿರಿ. ಮೊದಲ ಹಂತದ ಶೀರ್ಷಿಕೆಗಳು ಒಂದೊಂದು ಸ್ಲೈಡಾಗಿ, ಕೆಳಗಿನ ಹಂತದವು ಅದರೊಳಗಿನ ಅಂಶಗಳಾಗಿ ಇಂಪ್ರೆಸ್ಸಿಗೆ ಹೋಗುತ್ತವೆ. ಅಕ್ಷರವನ್ನು ಬರೀ ದಪ್ಪ ಮಾಡಿ ಬಿಟ್ಟಿದ್ದರೆ ಏನೂ ಹೋಗುವುದಿಲ್ಲ. ಕಣ್ಣಿಗೆ ಶೀರ್ಷಿಕೆಯಂತೆ ಕಂಡದ್ದು ಪ್ರೋಗ್ರಾಮಿಗೆ ಶೀರ್ಷಿಕೆಯಲ್ಲ.

ಕ್ನೂತ್ ಅವರಿಂದ ಇಲ್ಲಿಯವರೆಗಿನ ಚರಿತ್ರೆಯ ಪಾಠ ಇಷ್ಟೇ: ಬರಹದ ರೂಪಕ್ಕಿಂತ ಅದರ ರಚನೆಯನ್ನು ಕಾಪಾಡಿದವರ ಬರಹ ಮುಂದಿನ ಯಂತ್ರಕ್ಕೂ ಹೋಗುತ್ತದೆ. ಗಡಿನಾಡಿನ ಅಧ್ಯಾಪಕ ಮಿತ್ರರಲ್ಲಿ ನಮ್ಮ ವಿನಂತಿ ಎರಡು. ಟಿಪ್ಪಣಿಗಳನ್ನು ಯೂನಿಕೋಡಿನಲ್ಲೇ ಟೈಪ್ ಮಾಡಿ. ಶೀರ್ಷಿಕೆಗೆ ಸ್ಟೈಲ್ ಕೊಡಿ. ಮಂಜೇಶ್ವರದಲ್ಲಿ ಒಬ್ಬರು ಟೈಪ್ ಮಾಡಿದ ಪಾಠ ಮರುದಿನ ಬದಿಯಡ್ಕದ ತರಗತಿಯ ಪರದೆಯ ಮೇಲೆ ಕನ್ನಡದಲ್ಲೇ ಮೂಡಲು ಅಷ್ಟು ಸಾಕು.